ರತ್ನಗಂಬಳಿಯ ಪರೀಕ್ಷೆ, ಕರಿಕಂಬಳಿಯ ಬೆಲೆ

(ಕಡೂರಿನಲ್ಲಿ ನಡೆದ ಓದುಗರ ಕೂಟವೊಂದರಲ್ಲಿ ನಮ್ಮ ವರದಿಗಾರರು ಆಡಿದ ಮಾತುಗಳ ಬರಹ ರೂಪ)



ಈ ಮೇಜಿನ ಮೇಲೆ ಮೂರು ಕಂಬಳಿಗಳಿವೆ. ಒಂದು ಇದೇ ಕಡೂರಿನ ಮನೆಯದು, ಇನ್ನೊಂದು ತರೀಕೆರೆಯದು, ಮೂರನೆಯದು ಅಜ್ಜಂಪುರದಿಂದ ಬಂದದ್ದು. ತಂದ ಮೂವರೂ ಹೇಳಿದ್ದು ಒಂದೇ ಮಾತು: "ನಮ್ಮಜ್ಜನ ಕಾಲದ್ದು ಕಣಪ್ಪ." ಮೂವರೂ ಕೇಳಿದ್ದು ಒಂದೇ ಪ್ರಶ್ನೆ: "ಇದಕ್ಕೆ ಈಗ ಏನು ಬೆಲೆ ಬಂದೀತು?" ನಾನು ವರದಿಗಾರ, ನೇಕಾರನಲ್ಲ, ವ್ಯಾಪಾರಿಯೂ ಅಲ್ಲ. ಆದರೆ ಹಳೆಯ ಉಣ್ಣೆಯ ವಸ್ತುವಿಗೆ ವಯಸ್ಸು ಕಟ್ಟುವುದು, ಸ್ಥಿತಿ ನೋಡುವುದು, ಬೆಲೆ ಹೇಳುವುದು ಒಂದು ವಿದ್ಯೆ. ಪರ್ಷಿಯಾದ ನೆಲಹಾಸುಗಳ ವ್ಯಾಪಾರದಲ್ಲಿ ಆ ವಿದ್ಯೆ ನೂರಾರು ವರ್ಷಗಳಿಂದ ಪಳಗಿದೆ. ಆ ನೆಲಹಾಸಿಗೆ ಕನ್ನಡದವರು ಇಟ್ಟ ಹೆಸರು ರತ್ನಗಂಬಳಿ. ಅಂದರೆ ನಮ್ಮವರ ಕಣ್ಣಿಗೆ ಅದೂ ಕಂಬಳಿಯೇ; ಬಣ್ಣ ತುಂಬಿದ ಕಂಬಳಿ, ಅಷ್ಟೆ. ಹಾಗಿದ್ದ ಮೇಲೆ ರತ್ನಗಂಬಳಿಗೆ ಮಾಡುವ ಪರೀಕ್ಷೆಯನ್ನು ಕರಿಕಂಬಳಿಗೂ ಮಾಡಿ ನೋಡಬಹುದಲ್ಲ?

ಮೊದಲು ಜರ್ಮನಿಯಲ್ಲಿ ನಡೆದ ಒಂದು ಸಂಗತಿ ಹೇಳುತ್ತೇನೆ. 2009ರಲ್ಲಿ ಆಗ್ಸ್‌ಬರ್ಗ್ ನಗರದ ಹರಾಜು ಮನೆಯೊಂದಕ್ಕೆ ಒಂದು ಹಳೆಯ ರತ್ನಗಂಬಳಿ ಬಂತು. ಹರಾಜಿನವರು ಅದಕ್ಕೆ ಕಟ್ಟಿದ ಅಂದಾಜು 900 ಯೂರೋ. ಹರಾಜಿನ ದಿನ ಯಾರೋ ತಿಳಿದವರು ಪೈಪೋಟಿಗೆ ನಿಂತು ಅದು 19,700 ಯೂರೋಗೆ ಹೋಯಿತು. ಮಾರಿದಾಕೆಗೆ ಸಂತೋಷವೋ ಸಂತೋಷ. ಕೆಲವೇ ತಿಂಗಳ ನಂತರ, 2010ರ ಏಪ್ರಿಲ್‌ನಲ್ಲಿ, ಅದೇ ಕಂಬಳಿ ಲಂಡನ್ನಿನ ಕ್ರಿಸ್ಟೀಸ್ ಹರಾಜಿನಲ್ಲಿ ಸುಮಾರು 62 ಲಕ್ಷ ಪೌಂಡಿಗೆ ಮಾರಾಟವಾಯಿತು. ಹದಿನೇಳನೇ ಶತಮಾನದಲ್ಲಿ ಇರಾನಿನ ಕೆರ್ಮಾನ್ ಸೀಮೆಯಲ್ಲಿ ನೇಯ್ದದ್ದು ಅದು. ಆಕೆ ಕೋರ್ಟಿಗೆ ಹೋದರು. ಎಲ್ಲ ಬಗೆಯ ಸಾಮಾನನ್ನೂ ಹರಾಜು ಹಾಕುವವನಿಂದ ತಜ್ಞನ ಕಣ್ಣನ್ನು ನಿರೀಕ್ಷಿಸಲಾಗದು ಎಂದು 2012ರಲ್ಲಿ ತೀರ್ಪಾಯಿತು. ವಸ್ತು ಅದೇ, ಉಣ್ಣೆ ಅದೇ, ಬಣ್ಣ ಅದೇ. ನಡುವೆ ಬದಲಾದದ್ದು ನೋಡಿದ ಕಣ್ಣು ಮಾತ್ರ.

ಆ ಕಣ್ಣು ಏನನ್ನು ನೋಡುತ್ತದೆ? ರತ್ನಗಂಬಳಿ ಬಲ್ಲವರು ಮೊದಲು ಅದನ್ನು ಮಗುಚಿ ಹಾಕುತ್ತಾರೆ. ಮುಂಬದಿಯ ಹೂಬಳ್ಳಿ ಕೊಳ್ಳುವವನನ್ನು ಮರುಳು ಮಾಡಲಿಕ್ಕೆ. ನಿಜ ಇರುವುದು ಬೆನ್ನಲ್ಲಿ. ಹಾಸಿನ ಎಳೆಗಳಿಗೆ ಬಣ್ಣದ ಉಣ್ಣೆಯನ್ನು ಒಂದೊಂದಾಗಿ ಗಂಟು ಹಾಕಿ ನೇಯುವ ಕೆಲಸ ಅದು. ಹಿಂಬದಿಯಲ್ಲಿ ಒಂದು ಅಂಗುಲ ಉದ್ದ, ಒಂದು ಅಂಗುಲ ಅಗಲ ಗುರುತು ಮಾಡಿ ಗಂಟು ಎಣಿಸುತ್ತಾರೆ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿರುವ ಪ್ರಸಿದ್ಧ ಅರ್ದಬಿಲ್ ಕಂಬಳಿಯಲ್ಲಿ ಚದರ ಅಂಗುಲಕ್ಕೆ ಸುಮಾರು 340 ಗಂಟುಗಳು. ಆಮೇಲೆ ಕುಚ್ಚು ನೋಡುತ್ತಾರೆ. ಕೈಯಲ್ಲಿ ನೇಯ್ದದ್ದಾದರೆ ಹಾಸಿನ ಎಳೆಗಳೇ ಹೊರಗೆ ಬಂದು ಕುಚ್ಚಾಗಿರುತ್ತವೆ. ಕುಚ್ಚನ್ನು ಬೇರೆಯಾಗಿ ತಂದು ಹೊಲಿದಿದ್ದರೆ ಅದು ಯಂತ್ರದ ಮಾಲು, ಇಲ್ಲವೇ ತುದಿ ಸವೆದು ರಿಪೇರಿಯಾದದ್ದು.

ಬಣ್ಣವೂ ಸಾಕ್ಷಿ ಹೇಳುತ್ತದೆ. ರಾಸಾಯನಿಕ ಬಣ್ಣಗಳ ಯುಗ ಶುರುವಾದದ್ದು 1856ರಲ್ಲಿ, ಇಂಗ್ಲೆಂಡಿನ ಪರ್ಕಿನ್ ಎಂಬ ಹುಡುಗ ನೇರಳೆ ಬಣ್ಣ ಕಂಡುಹಿಡಿದಾಗ. ಆತನಿಗೆ ಆಗ 18 ವರ್ಷ. ಆದ್ದರಿಂದ ಅಂಥ ಬಣ್ಣ ನೇಯ್ಗೆಯಲ್ಲೇ ಇದ್ದರೆ ವಸ್ತು ಅದಕ್ಕಿಂತ ಹಳೆಯದಾಗಿರಲು ಸಾಧ್ಯವೇ ಇಲ್ಲ. ಕೆಲವು ರತ್ನಗಂಬಳಿಗಳಲ್ಲಿ ಹಿಜರಿ ಇಸವಿಯನ್ನೇ ನೇಯ್ದಿರುತ್ತಾರೆ. ಅದನ್ನು ನಮ್ಮ ಲೆಕ್ಕಕ್ಕೆ ತರಲು ನೂರಕ್ಕೆ ಮೂರರಂತೆ ಕಳೆದು 622 ಕೂಡಿಸಬೇಕು. ಅರ್ದಬಿಲ್ ಕಂಬಳಿಯಲ್ಲಿರುವುದು 946. ಲೆಕ್ಕ ಹಾಕಿದರೆ 1540ರ ಹತ್ತಿರ ಬರುತ್ತದೆ. ಆದರೆ ಇಸವಿಯನ್ನು ಕಣ್ಣುಮುಚ್ಚಿ ನಂಬುವ ಹಾಗಿಲ್ಲ. ಒಂದೆರಡು ಗಂಟು ಕಿತ್ತು ಬೇರೆ ಬಣ್ಣದ್ದು ಹಾಕಿದರೆ ಅಂಕಿ ಬದಲಾಗಿ ವಸ್ತುವಿಗೆ ನೂರು ವರ್ಷ ಹೆಚ್ಚು ಬರುತ್ತದೆ. ಹೊಸದನ್ನು ಚಹದ ನೀರಿನಲ್ಲಿ ಅದ್ದಿ, ಬಿಸಿಲಿಗೆ ಹರಡಿ, ಬೀದಿಯಲ್ಲಿ ಹಾಸಿ ಜನರಿಂದ ತುಳಿಸಿ ಹಳೆಯದು ಮಾಡುವವರೂ ಇದ್ದಾರೆ. ವಯಸ್ಸನ್ನು ಕಡಿಮೆ ಹೇಳುವ ಲೋಕದಲ್ಲಿ ಹೆಚ್ಚು ಹೇಳಿಸಿಕೊಳ್ಳಲು ಇಷ್ಟು ಕಷ್ಟಪಡುವ ವಸ್ತು ಇದೊಂದೇ ಇರಬೇಕು!

ರತ್ನಗಂಬಳಿ ಪರದೇಶದ್ದು ಎಂದು ದೂರ ಇಡಬೇಕಾಗಿಲ್ಲ. ಹತ್ತೊಂಬತ್ತನೇ ಶತಮಾನದ ಮೈಸೂರು ಗೆಜೆಟಿಯರ್‌ನಲ್ಲಿ ಬೆಂಗಳೂರಿನ ರತ್ನಗಂಬಳಿಗಳ ಮಾತು ಬರುತ್ತದೆ. ಎರಡೂ ಬದಿಗೆ ಒಂದೇ ವಿನ್ಯಾಸ ಕಾಣುವುದು ಅವುಗಳ ವಿಶೇಷವಾಗಿತ್ತು. ಅದಕ್ಕೂ ಮೊದಲು, 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್ ಇಲ್ಲಿಯ ಕುರುಬರ ಕುರಿ, ಉಣ್ಣೆ, ಕಂಬಳಿಗಳ ಬಗ್ಗೆ ಬರೆದಿಟ್ಟಿದ್ದಾನೆ. (ಗೆಜೆಟಿಯರ್ ತಿರುವಿ ಹಾಕುವವರಿಗೆ ಒಂದು ಸೂಚನೆ: ನಮ್ಮ ಜಿಲ್ಲೆಯನ್ನು ಚಿಕ್ಕಮಗಳೂರು ಎಂದು ಹುಡುಕಬೇಡಿ. ಕಚೇರಿಗಳು 1865ರಲ್ಲೇ ಕಡೂರು ಬಿಟ್ಟು ಅಲ್ಲಿಗೆ ಹೋದರೂ 1947ರವರೆಗೆ ಜಿಲ್ಲೆಯ ಹೆಸರು ಕಡೂರು ಎಂದೇ ಇತ್ತು.)

ಈಗ ಮೇಜಿನ ಮೇಲಿನವಕ್ಕೆ ಬರೋಣ. ಕಂಬಳಿಯಲ್ಲಿ ಗಂಟಿಲ್ಲ, ಚಿತ್ರವಿಲ್ಲ, ಇಸವಿಯಿಲ್ಲ. ಮುಂಬದಿ ಹಿಂಬದಿ ಎಂಬ ಭೇದವೂ ಇಲ್ಲ. ಇರುವುದು ಹಾಸು ಮತ್ತು ಹೊಕ್ಕು. ಆದ್ದರಿಂದ ಓದಬೇಕಾದದ್ದು ಎಳೆಯನ್ನು.

ಮೂರರಲ್ಲಿ ನೋಡಲು ಚೆಂದ ಯಾವುದು ಎಂದು ಬಂದ ಕೂಡಲೇ ನಾಲ್ಕಾರು ಜನರನ್ನು ಕೇಳಿದೆ. ಎಲ್ಲರೂ ಅಜ್ಜಂಪುರದ್ದನ್ನೇ ತೋರಿಸಿದರು. ನಿಜ, ಕಾಡಿಗೆಯಂಥ ಕಪ್ಪು, ಮೈಗೆ ಮೆತ್ತಗೆ, ಅಂಚಿನಲ್ಲಿ ಕೆಂಪು ಪಟ್ಟಿ. ತಂದವರ ಒಪ್ಪಿಗೆ ಪಡೆದೇ ಇದನ್ನು ಹೇಳುತ್ತಿದ್ದೇನೆ. ಬಿಳಿಯ ಬಟ್ಟೆಯ ಚೂರನ್ನು ಒದ್ದೆ ಮಾಡಿ ಇದರ ಮೇಲೆ ಒತ್ತಿದೆವು. ನೋಡಿ, ಬಟ್ಟೆ ನೀಲಿಗಪ್ಪಾಗಿದೆ. ಕಡೂರಿನ ಕಂಬಳಿಗೂ ಹೀಗೇ ಒತ್ತಿದೆವು. ಅದರಲ್ಲಿ ಬಂದದ್ದು ಮಣ್ಣಿನ ಬಣ್ಣದ ಕೊಳೆ, ಅಷ್ಟೆ.

ಇದಕ್ಕೆ ಕಾರಣ ಸುಲಭ. ತರೀಕೆರೆ ಏರಿಯ ಮೇಲೆ ಮೇಯುವ ಕರಿ ಕುರಿಮರಿಗಳ ಮಾತನ್ನು ಬೇಗಬೇಗ ಹೇಳಲು ಹೋಗಿ ನಾಲಗೆ ತೊಡರಿಸಿಕೊಳ್ಳದ ಮಕ್ಕಳು ಈ ಸೀಮೆಯಲ್ಲಿಲ್ಲ. ಆ ಕುರಿಮರಿಗಳು ಕರಿಯವಾಗಿರುವುದು ಬರೀ ಪ್ರಾಸಕ್ಕಲ್ಲ. ದಖ್ಖನಿ ಕುರಿಗಳಲ್ಲಿ ಕಪ್ಪೇ ಹೆಚ್ಚು. ಕರಿಕಂಬಳಿಯ ಕಪ್ಪು ಕುರಿಯ ಕೂದಲಿನ ಒಳಗೇ ಇರುವ ಬಣ್ಣ. ಅದು ನೀರಿಗೆ ಬಿಡುವುದಿಲ್ಲ. ಬಣ್ಣ ಹಾಕಿದ ಕಪ್ಪು ಕೆಟ್ಟ ಕೆಲಸವಾಗಿದ್ದರೆ ಬಿಡುತ್ತದೆ. ಆದರೆ ಕುರಿಯ ಕಪ್ಪಿಗೆ ಬಿಸಿಲಿನ ಮುಂದೆ ಸೋಲುವ ಗುಣವಿದೆ. ವರ್ಷಗಟ್ಟಲೆ ಬಿಸಿಲು ಕುಡಿದು ಅದು ಕಂದಾಗುತ್ತದೆ, ಕೆಂಗಂದು ಬಣ್ಣಕ್ಕೆ ತಿರುಗುತ್ತದೆ. ಕಡೂರಿನ ಕಂಬಳಿಯನ್ನು ನೋಡಿ. ಮೇಲ್ಮೈ ಹುರಿದ ಕಾಫಿಬೀಜದ ಬಣ್ಣ. ಎರಡು ಪಟ್ಟಿ ಸೇರಿಸಿ ಹೊಲಿದ ಜಾಗದಲ್ಲಿ ಹೊಲಿಗೆಯನ್ನು ಸ್ವಲ್ಪ ಅಗಲಿಸಿದರೆ ಒಳಗೆ ಅಚ್ಚಗಪ್ಪು. ಹೊರಗಿನ ಕಂದಿಗೂ ಒಳಗಿನ ಕಪ್ಪಿಗೂ ನಡುವೆ ಗೆರೆ ಎಳೆದಂಥ ಭೇದವಿಲ್ಲ, ಮೆಲ್ಲಗೆ ಬದಲಾಗುತ್ತ ಹೋಗಿದೆ. ಇಂಥ ಬದಲಾವಣೆಯನ್ನು ಒಂದೆರಡು ವಾರದಲ್ಲಿ ತಯಾರಿಸುವುದು ಕಷ್ಟ. ರತ್ನಗಂಬಳಿಯವರೂ ಹೀಗೆಯೇ ಗಂಟಿನ ಬುಡವನ್ನು ಬಿಡಿಸಿ ತುದಿಯ ಬಣ್ಣದೊಂದಿಗೆ ಹೋಲಿಸುತ್ತಾರೆ.

ಅಜ್ಜಂಪುರದ ಕಂಬಳಿಯ ಎಳೆಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಇನ್ನೊಂದು ವಿಷಯ ಕಾಣುತ್ತದೆ. ಕಪ್ಪಿನ ನಡುವೆ ಅಲ್ಲೊಂದು ಹಸಿರು, ಇಲ್ಲೊಂದು ಗುಲಾಬಿ ನವಿರು. ಯಾವುದೋ ದೇಶದ, ಯಾರೋ ಬಿಸಾಡಿದ ಸ್ವೆಟರಿನ ಚೂರುಗಳವು. ಹಳೆಯ ಉಣ್ಣೆ ಬಟ್ಟೆಗಳನ್ನು ಯಂತ್ರದಲ್ಲಿ ಚಿಂದಿ ಮಾಡಿ, ಮತ್ತೆ ನೂತು ಹೊದಿಕೆ ಮಾಡುವ ದೊಡ್ಡ ಉದ್ಯಮ ಹರಿಯಾಣದ ಪಾಣಿಪತ್‌ನಲ್ಲಿದೆ. ಇದೂ ಅಂಥದೇ ನೂಲು. ನೆರೆ, ಚಳಿ ಬಂದಾಗ ಹಂಚುವ ಹೊದಿಕೆಗಳಲ್ಲಿ ಈ ಜಾತಿಯವೂ ಇರುತ್ತವೆ. ಅದರಲ್ಲಿ ತಪ್ಪೇನೂ ಇಲ್ಲ. ಚಳಿಗೆ ಬೆಚ್ಚಗಿದ್ದರೆ ಸಾಕು. ತಪ್ಪಾಗುವುದು ಅದನ್ನು ಕುರುಬರ ಕೈಕಂಬಳಿ ಎಂದು ಮಾರಿದಾಗ.

ಹಾಗಾದರೆ ತಂದವರು ಸುಳ್ಳು ಹೇಳಿದರೆ? ಖಂಡಿತ ಇಲ್ಲ. ಮನೆಗಳಲ್ಲಿ ಆಗುವುದು ಹೀಗೆ: ಅಜ್ಜ ಹೊದ್ದ ಕಂಬಳಿ ಯಾವತ್ತೋ ಹರಿದುಹೋಗಿರುತ್ತದೆ. ಅದರ ಜಾಗಕ್ಕೆ, ಅದೇ ಪೆಟ್ಟಿಗೆಗೆ, ಇನ್ನೊಂದು ಬಂದಿರುತ್ತದೆ. ಅಜ್ಜನ ಹೆಸರು ಮಾತ್ರ ಪೆಟ್ಟಿಗೆಯಲ್ಲೇ ಉಳಿದು ಹೊಸದಕ್ಕೆ ಅಂಟಿಕೊಳ್ಳುತ್ತದೆ. ಆದ್ದರಿಂದ ಮನೆಯ ಕಥೆಯನ್ನು ಗೌರವದಿಂದ ಕೇಳಿಸಿಕೊಳ್ಳಬೇಕು, ಎಳೆಯನ್ನು ಬೇರೆಯಾಗಿ ಕೇಳಬೇಕು.

ಕೈನೂಲಿನ ಎಳೆ ಒಂದೇ ಸಮ ಇರುವುದಿಲ್ಲ. ಒಂದು ಗೇಣಿನೊಳಗೇ ದಪ್ಪ, ಸಣ್ಣ, ಮತ್ತೆ ದಪ್ಪ. ತುಪ್ಪಟ ಕತ್ತರಿಸಿ, ಬಿಲ್ಲಿನಿಂದ ಹಿಂಜಿ, ಹೆಂಗಸರು ಕೂತು ನೂತದ್ದು ಅದು. ಮರಿಯ ಮೊದಲ ಕತ್ತರಿಯ ತುಪ್ಪಟ ಎಲ್ಲಕ್ಕಿಂತ ನಯ. ಅದರಿಂದ ನೇಯ್ದ ಕಂಬಳಿಗೆ ಹಿಂದಿನಿಂದಲೂ ಹೆಚ್ಚಿನ ಬೆಲೆ. ಚಿತ್ರದುರ್ಗದ ಕಡೆಯ ಉತ್ತಮ ಕಂಬಳಿಯನ್ನು ಸುತ್ತಿ ಬಿದಿರಿನ ಕೊಳವೆಯೊಳಗೆ ತೂರಿಸಬಹುದಿತ್ತು ಎಂಬ ಮಾತಿದೆ. ದೊಡ್ಡ ಕುರಿಯ ತುಪ್ಪಟ ಒರಟು, ಅದರಲ್ಲಿ ಚುಚ್ಚುವ ಗಡಸು ಕೂದಲು ಇದ್ದೇ ಇರುತ್ತದೆ. ಕಂಬಳಿಯ ಮೇಲೆ ಊಟಕ್ಕೆ ಕೂತು ಕೂದಲು ಆರಿಸಬಾರದು ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಹಾಸಿನ ಎಳೆಗೆ ಹುಣಸೆಬೀಜದ ಗಂಜಿ ಹಚ್ಚಿ ಗುಂಡಿಮಗ್ಗದಲ್ಲಿ ನೇಯುತ್ತಾರೆ. ಹೊಸ ಕಂಬಳಿ ಹಲಗೆಯಂತೆ ನಿಲ್ಲುವುದು ಆ ಗಂಜಿಯಿಂದ. ಬಳಸಿ ಬಳಸಿ ಗಂಜಿ ಹೋದಂತೆ ಅದು ಮೈಗೆ ಒಗ್ಗುತ್ತದೆ.

ಎಳೆ ಯಾವುದು ಎಂದು ಇನ್ನೂ ಅನುಮಾನವಿದ್ದರೆ ಕುಚ್ಚಿನಿಂದ ಒಂದು ಎಳೆ ತೆಗೆದು ಸುಟ್ಟು ನೋಡಬಹುದು. ನಿಮ್ಮದೇ ಕಂಬಳಿಯಾಗಿರಬೇಕು, ಅಂಗಡಿಯವನದಲ್ಲ! ಉಣ್ಣೆಯಾದರೆ ತಲೆಗೂದಲು ಸುಟ್ಟ ವಾಸನೆ, ಬೆಂಕಿ ತೆಗೆದರೆ ತಾನೇ ಆರುತ್ತದೆ, ಉಳಿದ ಕರಿ ಬೆರಳಲ್ಲಿ ಹಿಸುಕಿದರೆ ಪುಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ. ಅಕ್ರಿಲಿಕ್ ಆದರೆ ಕರಗಿ, ಕಪ್ಪು ಹೊಗೆ ಬಿಟ್ಟು, ಆರಿದ ಮೇಲೆ ಗಟ್ಟಿ ಮಣಿಯಾಗಿ ಉಳಿಯುತ್ತದೆ. ಅಕ್ರಿಲಿಕ್ ನೂಲು ಜಗತ್ತಿನ ಮಾರುಕಟ್ಟೆಗೆ ಬಂದದ್ದೇ 1950ರ ಹೊತ್ತಿಗೆ. ಅದು ನೇಯ್ಗೆಯಲ್ಲೇ ಇದ್ದರೆ ಮುತ್ತಜ್ಜನ ಕಥೆಗೆ ಅಲ್ಲಿಗೇ ಪೂರ್ಣವಿರಾಮ. ಅಜ್ಜಂಪುರದ ಕಂಬಳಿಯ ಕೆಂಪು ಪಟ್ಟಿ ಮಣಿಯಾಯಿತು. ನೋಟು ಪರೀಕ್ಷಿಸುವ ನೇರಳೆ ದೀಪ ಹಿಡಿದು ವಯಸ್ಸು ಹೇಳುವವರೂ ಇದ್ದಾರೆ. ಎಚ್ಚರವಿರಲಿ. ಡಿಟರ್ಜೆಂಟಿನಲ್ಲಿ ಒಮ್ಮೆ ಒಗೆದ ಹಳೆಯ ಬಟ್ಟೆಯೂ ಆ ಬೆಳಕಿಗೆ ಹೊಳೆಯುತ್ತದೆ.

ಮೂರನೆಯದು ತರೀಕೆರೆಯದು. ಇದನ್ನು ಯಾರೂ ಚೆಂದ ಎನ್ನಲಿಲ್ಲ. ಒಂದು ಮೂಲೆಯ ಹತ್ತಿರ ತೆಳ್ಳಗಾಗಿದೆ, ಅದರ ಆಚೆ ಈಚೆ ಇನ್ನೆರಡು ಕಡೆ ಸವೆದಿದೆ, ನಾಲ್ಕು ಕಡೆ ತೇಪೆ. ನನಗೆ ಮೂರರಲ್ಲೂ ಇಷ್ಟವಾದದ್ದು ಇದೇ. ಈ ಸವೆತ ಎಲ್ಲೆಂದರಲ್ಲಿ ಆದದ್ದಲ್ಲ. ಮೂಲೆಯನ್ನು ಒಳಗೆ ಮಡಚಿ ತಲೆಗೆ ಹಾಕಿಕೊಂಡರೆ (ಹೀಗೆ) ತೆಳ್ಳಗಾದ ಜಾಗ ನೆತ್ತಿಗೆ ಬರುತ್ತದೆ, ಉಳಿದೆರಡು ಹೆಗಲಿಗೆ. ಇದು ಕಂಬಳಿ ಕೊಪ್ಪೆ. ಮಳೆಯಲ್ಲಿ ಗದ್ದೆ ಕೆಲಸ ಮಾಡಿದವರು ವರ್ಷವರ್ಷವೂ ಒಂದೇ ಮೂಲೆಯನ್ನು ಮಡಚಿದ್ದಾರೆ. ಇಂಥ ಗುರುತನ್ನು ಚಹದ ನೀರಿನಿಂದ ಮಾಡಲಾಗದು. ಪರ್ಷಿಯಾದ ಕಂಬಳಿಗಳಲ್ಲೂ ಸರಿಯಾದ ಜಾಗದ ಸವೆತ ನಂಬಿಕೆ ಹುಟ್ಟಿಸುತ್ತದೆ, ಎಲ್ಲೆಡೆ ಒಂದೇ ಸಮನಾದ ಸವೆತ ಅನುಮಾನ ಹುಟ್ಟಿಸುತ್ತದೆ. ತೇಪೆಯಿಂದಲೂ ಬೆಲೆ ಇಳಿಯಲೇಬೇಕೆಂದಿಲ್ಲ. ಅರ್ದಬಿಲ್ ಕಂಬಳಿಯೇ ತನ್ನ ಜೊತೆಯ ಕಂಬಳಿಯ ಭಾಗಗಳಿಂದ ರಿಪೇರಿಯಾದದ್ದು. ಹಾಗಿದ್ದೂ 1893ರಲ್ಲಿ ಮ್ಯೂಸಿಯಂ ಅದಕ್ಕೆ 2,000 ಪೌಂಡ್ ಕೊಟ್ಟಿತು.

ಕಂಬಳಿಯ ಸ್ಥಿತಿ ನೋಡುವುದಕ್ಕೆ ಊರಿನ ಹವೆಯೂ ಗೊತ್ತಿರಬೇಕು. ಕಡೂರು ಬಯಲುಸೀಮೆ, ಇಲ್ಲಿಯ ಶತ್ರು ಬಿಸಿಲು, ದೂಳು. ತರೀಕೆರೆಯ ಪಶ್ಚಿಮಕ್ಕೆ ಹೋದಂತೆ ಮಲೆನಾಡಿನ ತೇವ, ಅಲ್ಲಿ ಬೂಷ್ಟು. ಬೂಷ್ಟು ಹಿಡಿದ ಉಣ್ಣೆ ನೋಡಲು ಗಟ್ಟಿಯಾಗಿದ್ದರೂ ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಎಳೆದರೆ ಚಿಟಿಚಿಟಿ ಎಂದು ಎಳೆ ಬಿಡುತ್ತದೆ. ನುಸಿ ಮಾತ್ರ ಎಲ್ಲ ಊರಿಗೂ ಸಮಾನ. ಬೆಳಕಿಗೆ ಅಡ್ಡ ಹಿಡಿದರೆ ನುಸಿ ತಿಂದ ತೂತುಗಳು ನಕ್ಷತ್ರಗಳಂತೆ ಕಾಣುತ್ತವೆ. ಮಡಿಕೆಯ ಸಾಲಿನಲ್ಲೇ ತೂತುಗಳಿದ್ದರೆ ಕಂಬಳಿ ಬಹುಕಾಲ ಬಿಚ್ಚದೆ ಕತ್ತಲಲ್ಲಿ ಕೂತಿತ್ತು ಎಂದು ಅರ್ಥ. ಉಣ್ಣೆ ತಿನ್ನುವುದು ಹಾರುವ ನುಸಿಯಲ್ಲ, ಅದರ ಮರಿಹುಳು. ಅದಕ್ಕೆ ಬೆಳಕು ಆಗದು.

ಇನ್ನು ಬೆಲೆ. 2013ರ ಜೂನ್‌ನಲ್ಲಿ ನ್ಯೂಯಾರ್ಕಿನ ಸಾದಬೀಸ್ ಹರಾಜಿನಲ್ಲಿ ಹದಿನೇಳನೇ ಶತಮಾನದ ಪರ್ಷಿಯಾದ ರತ್ನಗಂಬಳಿಯೊಂದು 3 ಕೋಟಿ 37 ಲಕ್ಷ ಡಾಲರಿಗೆ ಹೋಯಿತು. ಅದನ್ನು ಕೇಳಿ ಯಾರೂ ಕರಿಕಂಬಳಿ ಹೊತ್ತು ಬೆಂಗಳೂರಿಗೆ ಬಸ್ಸು ಹತ್ತಬೇಡಿ. ದಿನಬಳಕೆಯ ಕಂಬಳಿ ಇನ್ನೂರು ವರ್ಷ ಉಳಿಯುವುದಿಲ್ಲ. ಉಳಿದದ್ದಕ್ಕೂ ಹರಾಜು ಕಟ್ಟೆಯಲ್ಲಿ ಕಾದು ನಿಂತವರಿಲ್ಲ. ಆದರೆ ಕಡೂರಿನ ಈ ಕಂಬಳಿಯ ಜೋಡಿ ಎಲ್ಲಿ ಹೋಯಿತು ಗೊತ್ತೆ? ಹಳೆ ಬಟ್ಟೆಗೆ ಪಾತ್ರೆ ಕೊಡುವವನಿಗೆ ಹಾಕಿ ಒಂದು ಸ್ಟೀಲ್ ಡಬರಿ ತೆಗೆದುಕೊಂಡರಂತೆ. ಡಬರಿ ಇನ್ನೂ ಚೆನ್ನಾಗಿದೆಯಂತೆ. ಅದೇ ವರ್ಷ ಅದೇ ಮನೆಯವರು ಜಾತ್ರೆಯಲ್ಲಿ ಹೊಸ "ಕಂಬಳಿ" ಕೊಂಡರು. ಅದು ಪಾಣಿಪತ್ತಿನ ನೂಲಿನದು.

ನನಗೆ ಚಿಂತೆ ಹುಟ್ಟಿಸಿದ್ದು ಈ ಲೆಕ್ಕಾಚಾರ. ಕೊಳ್ಳುವವನಿಗೆ ಕೈನೂಲಿಗೂ ಚಿಂದಿನೂಲಿಗೂ ಭೇದ ತಿಳಿಯದಿದ್ದರೆ ಅವನು ಎರಡಕ್ಕೂ ಒಂದೇ ಬೆಲೆ ಕೊಡುತ್ತಾನೆ. ಆ ಬೆಲೆ ಚಿಂದಿನೂಲಿನವನಿಗೆ ಲಾಭ. ಹಿಂಜಿ, ನೂತು, ನೇಯುವವನಿಗೆ ಅದು ಕೂಲಿಗೂ ಸಾಲದು. ಒಂದು ಮಗ್ಗ ಬಿಡುವಿಲ್ಲದೆ ನಡೆಯಬೇಕಾದರೆ ಹಲವು ಕೈಗಳು ನೂಲುತ್ತಿರಬೇಕು. ಶ್ರಮದ ಹೆಚ್ಚಿನ ಪಾಲು ಇರುವುದು ಮಗ್ಗದಲ್ಲಲ್ಲ, ಮನೆಯ ಜಗಲಿಯಲ್ಲಿ. ಅವರು ನೂಲುವುದು ಬಿಟ್ಟರೆ ಮಾರುಕಟ್ಟೆಯಲ್ಲಿ ಉಳಿಯುವುದು ಒಂದೇ ಬಗೆಯ ಕಂಬಳಿ. ಯಾವುದೆಂದು ಹೇಳಬೇಕಾಗಿಲ್ಲ. ಆಗ್ಸ್‌ಬರ್ಗಿನ ಆಕೆಗೆ ಆದ ನಷ್ಟ ಒಂದು ಕಂಬಳಿಯದು. ಇಲ್ಲಿ ಆಗುತ್ತಿರುವುದು ಕಂಬಳಿ ಮಾಡುವ ಕೈಗಳದು.

ಹಾಗಾದರೆ ನಿಮ್ಮ ಕಂಬಳಿಗೆ ಬೆಲೆ ಹೇಗೆ ಕಟ್ಟುವುದು? ನನಗೆ ಸರಿ ಎನಿಸಿದ ದಾರಿ ಹೀಗಿದೆ. ಅದೇ ಅಳತೆಯ, ಅದೇ ನಯದ, ಪೂರಾ ಕೈನೂಲಿನ ಹೊಸ ಕಂಬಳಿಯನ್ನು ಇವತ್ತು ನೇಯಿಸಲು ಎಷ್ಟಾಗುತ್ತದೆ ಎಂದು ಮಗ್ಗದವರನ್ನೇ ಕೇಳಿ. ಅದರಿಂದ ಸವೆತ, ನುಸಿ, ಬೂಷ್ಟಿಗೆ ಕಳೆಯಿರಿ. ಮೊದಲ ಕತ್ತರಿಯ ನಯವಿದ್ದರೆ, ಕೊಪ್ಪೆಯಂಥ ಬಳಕೆಯ ಗುರುತಿದ್ದರೆ, ಯಾರು ಎಲ್ಲಿ ನೇಯ್ದದ್ದೆಂದು ಗೊತ್ತಿದ್ದರೆ ಸ್ವಲ್ಪ ಕೂಡಿಸಿ. ಬರೀ ವಯಸ್ಸಿಗೆಂದು ಏನನ್ನೂ ಕೂಡಿಸಬೇಡಿ. ಮದುವೆಯ ಹಸೆಗೆ ಹಾಸಿದ್ದು, ಮೈಲಾರನ ಗೊರವರು ತೊಟ್ಟದ್ದು ಈ ಲೆಕ್ಕಕ್ಕೆ ಬರುವುದೇ ಇಲ್ಲ. ಅವನ್ನು ಮಾರುವ ಮಾತೇ ಬೇಡ.

ಮನೆಗೆ ಹೋದ ಮೇಲೆ ಕಂಬಳಿಯನ್ನು ಬಿಚ್ಚಿ ಕೊಡವಿ, ಎಳೆ ಬಿಸಿಲಿಗೆ ಸ್ವಲ್ಪ ಹೊತ್ತು ಹಾಕಿ. ಇಡೀ ದಿನ ಬೇಡ. ಹಳೆಯ ಮಡಿಕೆಯ ಮೇಲೇ ಮತ್ತೆ ಮಡಚಬೇಡಿ. ಸಾಧ್ಯವಾದರೆ ಹತ್ತಿ ಬಟ್ಟೆಯೊಂದಿಗೆ ಸುರುಳಿ ಸುತ್ತಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ತೇವ ಒಳಗೇ ಉಳಿದು ಬೂಷ್ಟು ಬರುತ್ತದೆ. ಮನೆಯ ಹಿರಿಯರಿಗೆ ಆ ಕಂಬಳಿ ಎಲ್ಲಿಂದ ಬಂತು, ನೇಯ್ದವರು ಯಾರು ಎಂದು ನೆನಪಿದ್ದರೆ ಬಿಳಿ ಬಟ್ಟೆಯ ತುಂಡಿನ ಮೇಲೆ ಪೆನ್ಸಿಲಿನಲ್ಲಿ ಬರೆದು ಮೂಲೆಗೆ ಒಂದೆರಡು ಹೊಲಿಗೆ ಹಾಕಿ.

ಈಗ ಒಬ್ಬೊಬ್ಬರಾಗಿ ಬಂದು ಮೂರನ್ನೂ ಮುಟ್ಟಿ ನೋಡಬಹುದು. ಕೈ ಒಣಗಿರಲಿ. ತರೀಕೆರೆಯದನ್ನು ಮಾತ್ರ ಎಳೆಯಬೇಡಿ, ಆ ಮೂಲೆ ತುಂಬ ತೆಳ್ಳಗಿದೆ.